ಆಗುಂಬೆಗೆ ಬೆಳಿಗ್ಗೆಯೇ ಬನ್ನಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುವ ಹೊತ್ತಿಗೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಆಗುಂಬೆಯ ಹೆಸರು ಕಾಣಿಸಿಕೊಳ್ಳತೊಡಗುತ್ತದೆ. ಬರೆಯುವವರು ಯಾರೇ ಇರಲಿ, ಬರುವ ಮಾತು ಮೂರೇ: ಮಾಲ್ಗುಡಿ ಧಾರಾವಾಹಿ, ಅದರಲ್ಲಿ ಕಾಣುವ ದೊಡ್ಡಮನೆ, ಸೂರ್ಯಾಸ್ತ. ಮೂರೂ ನಿಜವೇ. ಆದರೆ ಅಷ್ಟನ್ನೇ ಓದಿಕೊಂಡು ಹೊರಟವರು ಸಂಜೆ ಐದೂವರೆಗೆ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸುತ್ತಾರೆ, ಮೋಡ ನೋಡುತ್ತಾರೆ, ಊರಿನೊಳಗೆ ಕಾಲೇ ಇಡದೆ ಕತ್ತಲಲ್ಲಿ ಘಾಟಿ ಇಳಿಯುತ್ತಾರೆ. ಒಂದು ದಿನದ ಮಟ್ಟಿಗೆ ಬರುವವರಿಗೆ ಬೇಕಾದದ್ದು ಯಾವ ತಿಂಗಳು, ಯಾವ ದಾರಿ, ಎಷ್ಟು ಹೊತ್ತು, ಯಾವುದು ಕೈಕೊಡುತ್ತದೆ ಎಂಬ ವಿವರ. ಅದನ್ನು ಈ ಭಾಗದಲ್ಲೇ ಬದುಕುವ ನಾವು ಇಲ್ಲಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ದೂರದ ಲೆಕ್ಕ. ಆಗುಂಬೆ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಅಂಚಿನ ಊರು. ತೀರ್ಥಹಳ್ಳಿಯಿಂದ ಮೂವತ್ತು ಕಿ.ಮೀ. ಚಿಲ್ಲರೆ, ಶೃಂಗೇರಿಯಿಂದಲೂ ಹೆಚ್ಚುಕಡಿಮೆ ಅಷ್ಟೇ, ಉಡುಪಿಯಿಂದ 55ರ ಆಸುಪಾಸು, ಶಿವಮೊಗ್ಗದಿಂದ ತೊಂಬತ್ತು ಚಿಲ್ಲರೆ. ಹೀಗಾಗಿ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಪ್ರವಾಸ ಉಡುಪಿ, ಶಿವಮೊಗ್ಗ, ಮಂಗಳೂರು, ಚಿಕ್ಕಮಗಳೂರಿನವರಿಗೆ ಸಲೀಸು. ಬೆಂಗಳೂರಿನಿಂದ 350 ಕಿ.ಮೀ. ದಾಟುತ್ತದೆ. ಅಲ್ಲಿಂದ ಮುಂಜಾನೆ ಕಾರು ಹತ್ತಿದರೆ ಮಧ್ಯಾಹ್ನ ಮೂರಕ್ಕೆ ಬಂದು ಸುಸ್ತಾಗಿ ಕೂರುವುದಷ್ಟೇ ಆಗುತ್ತದೆ. ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿಗೋ ಉಡುಪಿಗೋ ಬಂದಿಳಿದು, ಬೆಳಗಿನ ಮೊದಲ ಬಸ್ಸು ಹಿಡಿದರೆ ಎಂಟರ ಹೊತ್ತಿಗೆ ಊರಿನಲ್ಲಿರಬಹುದು. ಪೆಟ್ರೋಲು ಮತ್ತು ನಗದು ಎರಡನ್ನೂ ತೀರ್ಥಹಳ್ಳಿ ಅಥವಾ ಘಾಟಿಯ ಕೆಳಗಿನ ಹೆಬ್ರಿಯಲ್ಲೇ ನೋಡಿಕೊಳ್ಳಿ. ಮೊಬೈಲ್ ಸಿಗ್ನಲ್ ಇದ್ದರೂ ನಂಬುವಂಥದ್ದಲ್ಲ, ಕರೆಂಟು ಹೋದರೆ ಅದೂ ಹೋಗುತ್ತದೆ. ದಾರಿಯ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಇನ್ನು ಮಾಲ್ಗುಡಿ. ಆರ್.ಕೆ. ನಾರಾಯಣ್ ಕಲ್ಪಿಸಿದ ಆ ಊರು 1935ರಲ್ಲಿ ಅಚ್ಚಾದ ಅವರ ಮೊದಲ ಕಾದಂಬರಿಯಿಂದಲೇ ಓದುಗರಿಗೆ ಪರಿಚಿತ. ಅದನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ದೂರದರ್ಶನಕ್ಕೆ ತಂದ ಶಂಕರ್ ನಾಗ್, ಎಂಬತ್ತರ ದಶಕದ ನಡುಭಾಗದಲ್ಲಿ ಆಗುಂಬೆಯ ಬೀದಿ, ಮನೆ, ಮರದ ನೆರಳುಗಳನ್ನೇ ಮಾಲ್ಗುಡಿಯಾಗಿಸಿದರು. ಮೊದಲ 39 ಕಂತುಗಳು ಅವರವು. ಚಿತ್ರೀಕರಣಕ್ಕೆಂದು ತಂದು ನಿಲ್ಲಿಸಿದ ಸಾಮಗ್ರಿ ಯಾವುದೂ ಈಗ ಇಲ್ಲ. ಆದ್ದರಿಂದ ರಾಮೋಜಿ ಫಿಲ್ಮ್ ಸಿಟಿಯಂಥ ಸೆಟ್ ಹುಡುಕಿಕೊಂಡು ಬಂದರೆ ನಿರಾಶೆಯಾಗುತ್ತದೆ. ಉಳಿದಿರುವುದು ಆಗಲೂ ಇದ್ದ ಊರು: ಮುಖ್ಯ ಬೀದಿ, ಇಬ್ಬದಿಯ ಹೆಂಚಿನ ಮನೆಗಳು, ಗೋಪಾಲಕೃಷ್ಣ ದೇವಸ್ಥಾನ, ದೊಡ್ಡಮನೆ. ಕೆಲವು ಮನೆಗಳು ತಾರಸಿಯಾಗಿವೆ, ಅಂಗಡಿಗಳ ಮುಂದೆ ಫ್ಲೆಕ್ಸ್ ಬಂದಿವೆ. ಊರೆಂದ ಮೇಲೆ ಇದು ಇದ್ದದ್ದೇ.

ರೈಲು ನಿಲ್ದಾಣದ ವಿಚಾರದಲ್ಲಂತೂ ಬಹಳ ಮಂದಿ ಎಡವುತ್ತಾರೆ. ಧಾರಾವಾಹಿಯಲ್ಲಿ ಕಾಣುವ ಮಾಲ್ಗುಡಿ ನಿಲ್ದಾಣ ಆಗುಂಬೆಯಲ್ಲಿ ಇಲ್ಲ. ಆಗುಂಬೆಗೆ ರೈಲೇ ಇಲ್ಲ. ಅದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ, ಹೊಸನಗರ ತಾಲ್ಲೂಕಿಗೆ ಸೇರಿದ್ದು. ಅಲ್ಲಿನ ಹಳೆಯ ಕಟ್ಟಡವನ್ನು ನೈಋತ್ಯ ರೈಲ್ವೆ 2020ರಲ್ಲಿ ದುರಸ್ತಿ ಮಾಡಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಆಗುಂಬೆಯಿಂದ ತೀರ್ಥಹಳ್ಳಿ, ರಿಪ್ಪನ್‌ಪೇಟೆ ಮೇಲೆ ಹೋದರೆ ಎರಡು ಗಂಟೆ ಮೀರಿದ ದಾರಿ. ಎರಡನ್ನೂ ಒಂದೇ ದಿನಕ್ಕೆ ಹೊಂದಿಸುವುದಾದರೆ ಶಿವಮೊಗ್ಗದಿಂದ ಬೆಳಿಗ್ಗೆ ಮೊದಲು ಅರಸಾಳು, ಆಮೇಲೆ ಆಗುಂಬೆ ಎಂಬ ಕ್ರಮವೊಂದೇ ಸರಿ. ಆಗ ಆಗುಂಬೆಗೆ ಅರ್ಧ ದಿನವಷ್ಟೇ ಉಳಿಯುತ್ತದೆ. ಬೇರೆ ಬೇರೆ ದಿನ ನೋಡುವುದೇ ಒಳ್ಳೆಯದು.

ಊರು ನೋಡುವುದಕ್ಕೆ ಬೆಳಗಿನ ಎಂಟರಿಂದ ಹತ್ತೂವರೆ ಅತ್ಯುತ್ತಮ ಹೊತ್ತು. ಬಿಸಿಲು ಪೂರ್ವದಿಂದ ಓರೆಯಾಗಿ ಬೀಳುತ್ತಿರುತ್ತದೆ, ಹೆಂಚಿನ ಮೇಲಿನ ಹಬೆ ಆಗತಾನೆ ಏಳುತ್ತಿರುತ್ತದೆ, ಅಂಗಡಿಗಳವರಿಗೆ ಮಾತಿಗೆ ಬಿಡುವಿರುತ್ತದೆ. ವಾಹನವನ್ನು ಬಸ್ ನಿಲ್ದಾಣದ ಬಳಿ ಬಿಟ್ಟು ನಡೆಯಿರಿ. ಮನೆಗಳನ್ನು ನೋಡುವಾಗ ಸೂರಿನ ಎತ್ತರ ಗಮನಿಸಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಊರಿದು. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿ.ಮೀ. ಸುರಿದ ದಾಖಲೆಯಿದೆ. ಅಂಥ ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಯೊಂದಿಗೆ ಅಡ್ಡಲಾಗಿ ಬಡಿಯುತ್ತದೆ. ಅದಕ್ಕೇ ಮಾಡು ಕಡಿದಾಗಿ ಇಳಿದು ತಲೆ ತಗ್ಗಿಸಿ ಹೋಗಬೇಕಾದಷ್ಟು ಕೆಳಕ್ಕೆ ಬರುತ್ತದೆ, ಜಗುಲಿ ಅಗಲವಾಗಿರುತ್ತದೆ, ಬಾಗಿಲು ಅಷ್ಟು ಒಳಗಿರುತ್ತದೆ. ಮಳೆ ಬಡಿಯುವ ಪಡುವಣ ದಿಕ್ಕಿನ ಗೋಡೆಗೆ ಮೇ ತಿಂಗಳ ಕೊನೆಯಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುವ ರೂಢಿ ಈ ಸೀಮೆಯಲ್ಲಿ ಈಗಲೂ ಇದೆ. ಆ ತಟ್ಟಿ ಇಲ್ಲದ ಗೋಡೆಯ ಗಾರೆ ಎರಡು ಮಳೆಗಾಲಕ್ಕೆ ಉದುರುತ್ತದೆ. ಕ್ಯಾಮೆರಾಗೆ ಚೆಂದ ಕಂಡ ಜಗುಲಿ, ಕಂಬ, ಇಳಿಮಾಡು ಎಲ್ಲವನ್ನೂ ರೂಪಿಸಿದ್ದು ಮಳೆ. ಇದು ತಿಳಿದರೆ ಬೀದಿ ನೋಡುವ ಕಣ್ಣೇ ಬೇರೆಯಾಗುತ್ತದೆ.

ದೊಡ್ಡಮನೆಯ ಬಗ್ಗೆ ಬಿಡಿಸಿ ಹೇಳಲೇಬೇಕು. ನೂರು ವರ್ಷ ಮೀರಿದ ಈ ತೊಟ್ಟಿಮನೆಯೇ ಧಾರಾವಾಹಿಯ ಬಾಲಕ ಸ್ವಾಮಿಯ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ದಪ್ಪ ಮರದ ಕಂಬಗಳು. ಇದು ಖಾಸಗಿ ಮನೆ, ಸ್ಮಾರಕವಲ್ಲ, ಟಿಕೆಟ್ಟಿಲ್ಲ, ಬಾಗಿಲು ತೆರೆಯುವ ಹೊತ್ತು ಎಂಬ ಫಲಕವಿಲ್ಲ. ಬಂದವರನ್ನು ಆದರಿಸಿ ಕಷಾಯ ಕೊಟ್ಟು ಕಳಿಸುವ ಸಂಪ್ರದಾಯ ಈ ಮನೆಯದು. ಅದು ಮನೆಯವರ ದೊಡ್ಡತನ, ಬಂದವರ ಹಕ್ಕಲ್ಲ. ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು, ಹೊರಗಿನಿಂದಲೇ ಕರೆದು, ಒಳಗೆ ಬರಬಹುದೇ ಎಂದು ಕೇಳಿ. ‘ಈಗ ಆಗುವುದಿಲ್ಲ’ ಎಂದರೆ ಜಗುಲಿಯಿಂದಲೇ ನೋಡಿ ಹೊರಡಿ. ಒಳಗೆ ಹೋದರೂ ದೇವರ ಕೋಣೆ, ಅಡುಗೆಮನೆ, ಮಹಡಿಯ ಮೆಟ್ಟಿಲುಗಳತ್ತ ಕರೆಯದೆ ಹೋಗಬಾರದು. ಮಧ್ಯಾಹ್ನ ಒಂದರಿಂದ ಮೂರು ಮನೆಯವರ ಊಟ ಮತ್ತು ವಿಶ್ರಾಂತಿಯ ಹೊತ್ತು. ಇಪ್ಪತ್ತು ಜನರ ತಂಡವಾದರೆ ಐದೈದು ಜನ ಹೋಗಿ. ಹಳೆಯ ಮರದ ನೆಲದ ಮೇಲೆ ಎಲ್ಲರೂ ಒಂದೇ ಕಡೆ ಫೋಟೊಗೆ ನಿಲ್ಲುವುದು ಒಳ್ಳೆಯದಲ್ಲ. ಕಾಣಿಕೆ ಕೊಡಬೇಕೆನಿಸಿದರೆ ಕೊಡಿ, ಕಷಾಯಕ್ಕೆ ರೇಟು ಕೇಳಿ ಮುಜುಗರ ಮಾಡಬೇಡಿ.

ಬೇರೆ ಮನೆಗಳ ಅಂಗಳಕ್ಕೂ ಇದೇ ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಅಡಿಕೆ ಕೊಯ್ಲು. ಸುಲಿದು ಬೇಯಿಸಿದ ಅಡಿಕೆಯನ್ನು ಅಂಗಳದಲ್ಲೋ ಚಪ್ಪರದಲ್ಲೋ ಹರವಿರುತ್ತಾರೆ. ಅದರ ಮೇಲೆ ಬೂಟುಗಾಲಿಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದರೆ ಬೆಳೆದವರಿಗೆ ಹೊಟ್ಟೆ ಉರಿಯುತ್ತದೆ. ಒದ್ದೆ ಬೂಟಿನ ಮಣ್ಣು ತಾಗಿದ ಕಡೆ ಬೂಸಲು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಮಂಡಿಯಲ್ಲಿ ಆ ಮೂಟೆಗೆ ದರ ಬೀಳುತ್ತದೆ.

ಈಗ ಸೂರ್ಯಾಸ್ತ. 1993ರ ರಾಜ್‌ಕುಮಾರ್ ಚಿತ್ರವೊಂದರ ಹಾಡು ಆಗುಂಬೆಯ ಸಂಜೆಯನ್ನು ನಾಡಿಗೆಲ್ಲ ಮನೆಮಾತಾಗಿಸಿತು. ಆ ಹಾಡಿನ ಗುಂಗಿನಲ್ಲಿ ಜುಲೈನಲ್ಲಿ ಬರುವವರಿಗೆ ಲೆಕ್ಕವಿಲ್ಲ. ಅವರಿಗೆ ಮೋಸವಾಗುವುದು ಏಕೆಂದು ಹೇಳುತ್ತೇವೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲೇ ಕುಳಿತಿದೆ. ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ನಲವತ್ತು ಕಿ.ಮೀ. ಚಿಲ್ಲರೆ. ನಡುವೆ ತಗ್ಗಾದ ಕರಾವಳಿ, ತಡೆಯುವ ಬೆಟ್ಟವಿಲ್ಲ. ಅದಕ್ಕೇ ತಿಳಿಯಾದ ದಿನ ಕಡಲಿನ ಗೆರೆಯೂ ಕಾಣುತ್ತದೆ. ಮಳೆಗಾಲದಲ್ಲಿ ಅದೇ ಅನುಕೂಲ ತಿರುಗಿ ಬೀಳುತ್ತದೆ. ಕಡಲ ಗಾಳಿ ಈ ಗೋಡೆಗೆ ಬಡಿದು ಮೇಲೇರಿ, ತಣ್ಣಗಾಗಿ, ಇಲ್ಲೇ ಮೋಡವಾಗುತ್ತದೆ. ಸೂರ್ಯಾಸ್ತದ ಕಟ್ಟೆ ಮೋಡದ ಒಳಗೇ ಇರುತ್ತದೆ. ಮುಂದಿನ ಹತ್ತು ಅಡಿ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬರುವವರು ಮಳೆ ನೋಡಲು ಬನ್ನಿ, ಅದು ಬೇರೆಲ್ಲೂ ಸಿಗದ ಅನುಭವ. ಸೂರ್ಯನನ್ನು ಮರೆತುಬಿಡಿ.

ಸೂರ್ಯಾಸ್ತ ಬೇಕೆಂದರೆ ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಆಗ ಗಾಳಿ ಒಳನಾಡಿನಿಂದ ಕಡಲ ಕಡೆ ಬೀಸುತ್ತದೆ, ತೇವ ಕಡಿಮೆ. ಫೆಬ್ರುವರಿ ದಾಟಿದರೆ ಕರಾವಳಿಯ ಮೇಲೆ ಬಿಸಿಲಿನ ಮಂಜು, ಬೆಂಕಿಯ ಹೊಗೆ ಸೇರಿ ಸೂರ್ಯ ದಿಗಂತ ಮುಟ್ಟುವ ಮೊದಲೇ ಬೂದುಬಣ್ಣದಲ್ಲಿ ಕರಗಿಹೋಗುತ್ತಾನೆ. ಮುಳುಗುವ ಹೊತ್ತು ನವೆಂಬರ್ ನಡುವಿನಲ್ಲಿ 6 ಗಂಟೆ, ಡಿಸೆಂಬರ್ ನಡುವಿನಲ್ಲಿ 6.05ರ ಸುಮಾರು, ಜನವರಿ ಕೊನೆಗೆ 6.30ರ ಹತ್ತಿರ. ಅರ್ಧ ಗಂಟೆ ಮೊದಲು ಕಟ್ಟೆಯ ಮೇಲಿದ್ದರೆ ಸಾಕು. ಮುಳುಗಿದ ಮೇಲೆ ಹದಿನೈದು ನಿಮಿಷ ನಿಲ್ಲಿ. ಕೆಂಪು ಏರುವುದು ಆಗಲೇ. ಆದರೆ ಬಹುಪಾಲು ಜನ ಸೂರ್ಯ ಮರೆಯಾದ ಕೂಡಲೇ ಕಾರಿಗೆ ಓಡುತ್ತಾರೆ, ಇಕ್ಕಟ್ಟಾಗುವುದೂ ಆಗಲೇ. ಕಟ್ಟೆ ಊರಿನಿಂದ ಎರಡು ಕಿ.ಮೀ. ಆಸುಪಾಸಿನಲ್ಲೇ ಇದೆ. ನಡೆದು ಹೋದರೆ ವಾಹನ ನಿಲ್ಲಿಸುವ ಗೋಜೇ ಇಲ್ಲ. ಹಿಂತಿರುಗುವಾಗ ಕತ್ತಲಾಗುವುದರಿಂದ ಟಾರ್ಚ್ ಇರಲಿ, ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಐವತ್ತು ಸೀಟಿನ ದೊಡ್ಡ ಬಸ್ಸು ಈ ತಿರುವುಗಳಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಇಲ್ಲಿ ಓಡುವ ಸರ್ವೀಸ್ ಬಸ್ಸುಗಳು ಗಿಡ್ಡವಾಗಿರುವುದು ಅದಕ್ಕೇ. ಶಾಲಾ ಪ್ರವಾಸಕ್ಕೆ ದೊಡ್ಡ ಬಸ್ಸು ಗೊತ್ತು ಮಾಡಿದವರಿಗೆ ಘಾಟಿಯ ಬುಡದ ಸೋಮೇಶ್ವರದಲ್ಲೋ ಮೇಲಿನ ಆಗುಂಬೆಯಲ್ಲೋ ತಡೆಯಾದಾಗ ಮಕ್ಕಳೊಂದಿಗೆ ಗಂಟೆಗಟ್ಟಲೆ ಸುತ್ತು ಹೊಡೆಯಬೇಕಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯದಿಂದ ಜಿಲ್ಲಾಡಳಿತ ಭಾರಿ ವಾಹನಗಳನ್ನು ಪೂರ್ತಿ ನಿಷೇಧಿಸುವುದುಂಟು. ಆಗ ಕರಾವಳಿಗೆ ಇಳಿಯಲು ಮಾಸ್ತಿಕಟ್ಟೆ–ಹುಲಿಕಲ್ ಘಾಟಿ–(ಕುಂದಾಪುರ ಕಡೆಯ) ಸಿದ್ದಾಪುರದ ದಾರಿ, ಇಲ್ಲವೇ ಶೃಂಗೇರಿ–ಕೆರೆಕಟ್ಟೆ–ಕಾರ್ಕಳದ ದಾರಿ. ಅವೂ ತೆರೆದಿವೆಯೇ ಎಂದು ಆ ದಿನವೇ ವಿಚಾರಿಸಿಕೊಳ್ಳಬೇಕು. ತೀರ್ಥಹಳ್ಳಿ ಕಡೆಯಿಂದ ಬಂದು ಅದೇ ಕಡೆ ಹಿಂತಿರುಗುವವರಿಗೆ ಈ ತಲೆನೋವಿಲ್ಲ. ಆಗುಂಬೆವರೆಗೆ ರಸ್ತೆ ಘಟ್ಟದ ಮೇಲೆಯೇ ಬರುತ್ತದೆ.

ಕಾರಿನವರಿಗೆ ಒಂದೆರಡು ಮಾತು. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ, ತಿರುವುಗಳಲ್ಲಿ ಒಂದನೇ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರ ಬ್ರೇಕ್ ಪ್ಯಾಡುಗಳು ಅರ್ಧ ದಾರಿಯಲ್ಲೇ ಕಾಯ್ದು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎಂಜಿನ್ನೇ ಆರಿಸಿದರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ಸಹಾಯ ನಿಂತು ಎರಡೂ ಕಲ್ಲಾಗುತ್ತವೆ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾಯ್ದ ಚಕ್ರಕ್ಕೆ ನೀರು ಎರಚಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬಿಳಿ ಗೋಡೆಯೇ ಕಣ್ಣಿಗೆ ಬಡಿಯುವುದರಿಂದ ಲೋಬೀಮ್ ಸಾಕು. ತಿರುವಿನಲ್ಲಿ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಒಂದು ಕಾರು ನಿಂತರೆ ಮೇಲೆ ಬರುವ ಬಸ್ಸು ತಿರುಗಲಾಗದೆ ನಿಲ್ಲುತ್ತದೆ, ಐದು ನಿಮಿಷದಲ್ಲಿ ಎರಡೂ ಕಡೆ ಸಾಲು ಬೆಳೆಯುತ್ತದೆ, ಆ ಸಾಲಿನಲ್ಲಿ ಆಂಬುಲೆನ್ಸ್ ಇರಬಹುದು. ಘಟ್ಟದ ಮೇಲಿನವರು ದೊಡ್ಡ ಆಸ್ಪತ್ರೆಗೆಂದು ಉಡುಪಿ, ಮಣಿಪಾಲಕ್ಕೆ ಹೋಗುವುದು ಇದೇ ರಸ್ತೆಯಲ್ಲಿ.

ಜೋಗಿಗುಂಡಿ, ಒನಕೆ ಅಬ್ಬಿ, ಬರ್ಕಣ ಅಬ್ಬಿ ಎಂಬ ಜಲಪಾತಗಳನ್ನು ಬರಹಗಳು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತವೆ. ಮೂರೂ ಒಂದೇ ದಿನದಲ್ಲಿ ಆಗುವಂಥವಲ್ಲ. ಎಲ್ಲವೂ ಅರಣ್ಯ ಇಲಾಖೆಯ ಅಧೀನ, ಮಳೆ ಜೋರಾದಾಗಲೂ ಕಾಡ್ಗಿಚ್ಚಿನ ಕಾಲದಲ್ಲೂ ಮುಚ್ಚುತ್ತವೆ. ಊರಿಗೆ ಬಂದ ಕೂಡಲೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ, ಅನುಮತಿ ಪಡೆದೇ ಹೋಗಿ. ಸ್ಥಳೀಯ ಮಾರ್ಗದರ್ಶಕರಿಲ್ಲದೆ ಬರ್ಕಣದತ್ತ ಹೋಗಬೇಡಿ. ಕಾಲುದಾರಿಗಳು ಕವಲೊಡೆಯುತ್ತವೆ, ಮಂಜು ಇಳಿದರೆ ಬಂದ ದಾರಿಯೂ ಸಿಗುವುದಿಲ್ಲ. ಅರ್ಧ ದಿನವಿರುವವರಿಗೆ ಜೋಗಿಗುಂಡಿ ಒಂದೇ ಸಾಕು. ಅಲ್ಲಿ ನೀರಿಗೆ ಇಳಿಯಬಾರದು. ಮೇಲಿನಿಂದ ಶಾಂತವಾಗಿ ಕಾಣುವ ಗುಂಡಿ ಆಳವಾಗಿದೆ, ಅಂಚಿನ ಬಂಡೆಗಳ ಮೇಲಿನ ಹಾವಸೆ ಡಿಸೆಂಬರಿನವರೆಗೂ ಒಣಗಿರುವುದಿಲ್ಲ. ಹೊಸ ಸ್ಪೋರ್ಟ್ಸ್ ಶೂಗಳೂ ಅದರ ಮೇಲೆ ಜಾರುತ್ತವೆ. ಕಾಡು ಬೇಡವೆನ್ನುವವರು, ವಯಸ್ಸಾದವರು, ತೀರ್ಥಹಳ್ಳಿ ದಾರಿಯಲ್ಲಿರುವ ಕುಂದಾದ್ರಿಗೆ ಹೋಗಬಹುದು. ಮೇಲಿನವರೆಗೂ ರಸ್ತೆಯಿದೆ, ಕಡಿದಾಗಿದೆ ಅಷ್ಟೇ. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಬಂಡೆಯ ನಡುವಿನ ಕೊಳ. ಬಸದಿಯ ಆವರಣದಲ್ಲಿ ಚಪ್ಪಲಿ, ಮಾಂಸಾಹಾರ, ಮದ್ಯ ಯಾವುದೂ ಸಲ್ಲದು.

ಮಳೆಗಾಲದ ಕಾಡಿನಲ್ಲಿ ಇಂಬಳದ (ಜಿಗಣೆಯ) ಕಾಟ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು ಉಜ್ಜಿಕೊಳ್ಳಿ. ಮಳೆಯಲ್ಲಿ ಅದು ಅರ್ಧ ಗಂಟೆಗೆ ತೊಳೆದುಹೋಗುವುದರಿಂದ ಪೊಟ್ಟಣ ಜೇಬಿನಲ್ಲಿರಲಿ. ಕಚ್ಚಿದ್ದನ್ನು ಎಳೆಯಬೇಡಿ, ಉಗುರಿನಿಂದ ಬಾಯಿಯ ಬುಡದಲ್ಲಿ ಪಕ್ಕಕ್ಕೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಅದು ಬಿಟ್ಟಿರುತ್ತದೆ, ಹಾಗಾಗಿ ಬಹಳ ಹೊತ್ತು ಒಸರುತ್ತದೆ. ಹೆದರಬೇಕಾಗಿಲ್ಲ, ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇಂಬಳವಿರುವ ಜಾಗಕ್ಕೆ ಹೋಗದಿರುವುದೇ ಲೇಸು. ಹಾವುಗಳ ವಿಷಯದಲ್ಲಿ ಜನ ಕಾಳಿಂಗ ಸರ್ಪವನ್ನಷ್ಟೇ ನೆನೆಯುತ್ತಾರೆ. ಕಾಳಿಂಗ ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ತಾನೇ ಸರಿದುಹೋಗುತ್ತದೆ. ಕಾಲುದಾರಿಯ ಪಕ್ಕದ ಕೊಂಬೆಯ ಮೇಲೆ, ಎಲೆಯ ಬಣ್ಣದಲ್ಲೇ, ಗಂಟೆಗಟ್ಟಲೆ ಅಲುಗದೆ ಕೂರುವ ಗುಳಿಮಂಡಲ (ಪಿಟ್ ವೈಪರ್) ಹಾವು ನಿಜವಾಗಿ ಜಾಗ್ರತೆ ಬೇಡುವಂಥದ್ದು. ಜಾರಿದಾಗ ಆಸರೆಗೆಂದು ಕಣ್ಣುಮುಚ್ಚಿ ಕೊಂಬೆ ಹಿಡಿಯಬೇಡಿ. ಕೈಯಲ್ಲಿ ಕೋಲಿರಲಿ.

ಪ್ರವಾಸ ಬರಹಗಳಲ್ಲಿ ಸಾಮಾನ್ಯವಾಗಿ ಕಾಣದ, ಆದರೆ ಈ ಪತ್ರದಲ್ಲಿ ನಾವು ಅತ್ಯಂತ ಒತ್ತಿ ಹೇಳಬೇಕೆಂದಿರುವ ವಿಷಯ ಮಂಗನ ಕಾಯಿಲೆ. ಇದು ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಇದು ಜೀವ ತೆಗೆದಿದೆ. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳುವಿನಿಂದ. ಎಳೆಯ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದು ಒಣ ಎಲೆಗಳ ನಡುವೆ ಓಡಾಡುವ ಕಾಲ ಡಿಸೆಂಬರಿನಿಂದ ಮೇ. ಸೂರ್ಯಾಸ್ತಕ್ಕೆ ಒಳ್ಳೆಯದೆಂದು ನಾವೇ ಮೇಲೆ ಹೇಳಿದ ತಿಂಗಳುಗಳೂ ಇದರಲ್ಲಿ ಸೇರಿವೆ. ಇಂಬಳವಿಲ್ಲವೆಂದು ನಿಶ್ಚಿಂತೆಯಿಂದ ಕಾಡಂಚಿನ ತರಗೆಲೆಯ ಮೇಲೆ ಚಾಪೆ ಹಾಸಿ ಊಟಕ್ಕೆ ಕೂರುವುದೇ ದೊಡ್ಡ ತಪ್ಪು. ರಸ್ತೆ, ಅಂಗಳ, ಕಟ್ಟೆಗಳ ಮಟ್ಟಿಗೆ ಭಯ ಕಡಿಮೆ. ಕಾಡಿಗೆ ಕಾಲಿಡುವುದಾದರೆ ತುಂಬುತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಈ ಭಾಗದಲ್ಲಿ ಹಂಚುವ ಡೆಪಾ ತೈಲದಂಥ ಉಣುಗು ನಿವಾರಕವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಹೋದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲ ಹಿಂಬದಿ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಉದುರುತ್ತವೆ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಪ್ರವಾಸಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾರೆ, ಅಲ್ಲಿನ ವೈದ್ಯರು ಡೆಂಗಿ ಎಂದು ಭಾವಿಸುವ ಸಾಧ್ಯತೆಯೇ ಹೆಚ್ಚು. ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂಬ ಒಂದು ಮಾತು ಹೇಳಿದರೆ ಸರಿಯಾದ ರಕ್ತಪರೀಕ್ಷೆ ಬೇಗ ಆಗುತ್ತದೆ. ಈ ಕಾಯಿಲೆಗೆ ನೇರವಾದ ಔಷಧಿಯಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದರಲ್ಲೇ ಜೀವ ಉಳಿಯುತ್ತದೆ.

ಘಾಟಿಯ ಕಟ್ಟೆಗಳ ಮೇಲೆ ಮಂಗಗಳು ಸಾಲಾಗಿ ಕೂತಿರುವುದು ಚಿಪ್ಸ್, ಬಾಳೆಹಣ್ಣಿನ ಆಸೆಗೆ. ಕಾರಿನಿಂದ ಎಸೆದ ತುಂಡಿಗೆ ಮರಿಯೊಂದಿಗೆ ರಸ್ತೆಗೆ ನುಗ್ಗುತ್ತವೆ, ಹಿಂದಿನ ಕಾರು ಹೊಡೆಯುತ್ತದೆ. ಘಾಟಿ ಹಾದುಹೋಗುವುದು ಸೋಮೇಶ್ವರ ವನ್ಯಜೀವಿ ಧಾಮದ ಕಾಡಿನಲ್ಲಿ. ಬಹುಪಾಲು ಎತ್ತರದ ಮರಗಳಲ್ಲೇ ಬದುಕುವ ಸಿಂಗಳೀಕಗಳು ಇರುವ ಜಾಗ ಇದು. ಅವೂ ನೆಲಕ್ಕಿಳಿಯುವ ಚಟ ಕಲಿತರೆ ಉಳಿಯುವುದಿಲ್ಲ. ತಿನ್ನಿಸಲೇಬೇಡಿ.

ಚಿತ್ರೀಕರಣಕ್ಕೆ ಬರುವವರಿಗೂ ಒಂದು ಮಾತು. ಈಗ ಸಿನಿಮಾ ತಂಡಗಳಿಗಿಂತ ಮದುವೆಗೆ ಮುಂಚಿನ ಫೋಟೊಶೂಟ್, ರೀಲ್ಸ್ ತಂಡಗಳೇ ಹೆಚ್ಚು. ಅರಣ್ಯದ ಜಾಗದಲ್ಲಿ ಚಿತ್ರೀಕರಿಸಲು ಇಲಾಖೆಯ ಪೂರ್ವಾನುಮತಿ ಬೇಕು, ಡ್ರೋನ್‌ಗೂ ಹಾಗೆಯೇ. ರಸ್ತೆಯಲ್ಲಿ ಕ್ಯಾಮೆರಾ ನಿಲ್ಲಿಸಲು ಪೊಲೀಸರಿಗೆ ತಿಳಿಸಿರಬೇಕು, ಮನೆಯ ಮುಂದೆ ಮನೆಯವರ ಒಪ್ಪಿಗೆ ಬೇಕು. ಬಣ್ಣದ ಹೊಗೆಯ ಡಬ್ಬಿಯನ್ನು ಜನವರಿಯ ಒಣಹುಲ್ಲಿನ ಮೇಲೆ ಎಸೆದರೆ ಗುಡ್ಡಕ್ಕೆ ಬೆಂಕಿ ಬೀಳಲು ಅದೊಂದೇ ಸಾಕು. ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುವುದು ಇಲ್ಲಿ ಮಾಮೂಲು. ಊರು ತಲುಪುವ ಅರ್ಧ ಗಂಟೆ ಮೊದಲೇ ಏಸಿ ಆರಿಸಿ, ಕ್ಯಾಮೆರಾ ಚೀಲ ಮುಚ್ಚಿಯೇ ಇಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಘಟ್ಟದ ಅಂಚಿನಲ್ಲಿ ಮಳೆಗಾಲದ ಗಾಳಿಗೆ ಕೊಡೆ ತಿರುಚಿಕೊಳ್ಳುತ್ತದೆ, ರೇನ್‌ಕೋಟೇ ತನ್ನಿ.

ಆಡಳಿತದವರಿಂದ ನಾವು ಕೇಳುವುದು ದೊಡ್ಡದಲ್ಲ. ಬಸ್ ನಿಲ್ದಾಣದ ಬಳಿ ಕನ್ನಡದ ಒಂದು ಕಪ್ಪುಹಲಗೆ ಇಡಿ. ಅದರಲ್ಲಿ ಆ ದಿನ ಸೂರ್ಯ ಮುಳುಗುವ ಹೊತ್ತು, ಯಾವ ಅಬ್ಬಿಗೆ ಪ್ರವೇಶವಿದೆ, ಘಾಟಿಯಲ್ಲಿ ಯಾವ ವಾಹನಕ್ಕೆ ತಡೆ, ಕೊನೆಯ ಬಸ್ಸುಗಳು ಎಷ್ಟಕ್ಕೆ ಎಂಬುದನ್ನು ಬೆಳಿಗ್ಗೆ ಬರೆಯಲಿ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಎಚ್ಚರಿಕೆಯೂ ಅಲ್ಲೇ ಇರಲಿ. ಬಸ್ ನಿಲ್ದಾಣದ ಬಳಿ ನೀರು, ದೀಪ ಇರುವ ಶೌಚಾಲಯ ಸಂಜೆ ಏಳೂವರೆಯವರೆಗೆ ತೆರೆದಿರಲಿ. ಹೆಂಗಸರು, ಮಕ್ಕಳಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೊಂದಿಲ್ಲ. ವಾರಾಂತ್ಯದ ಸಂಜೆ ನಾಲ್ಕರಿಂದ ಏಳರವರೆಗೆ ಪ್ರವಾಸಿ ಕಾರುಗಳನ್ನು ಊರಿನಲ್ಲೇ ನಿಲ್ಲಿಸಿ, ಕಟ್ಟೆಗೆ ಊರಿನ ಆಟೊಗಳನ್ನು ಬಿಟ್ಟರೆ ತಿರುವಿನ ಇಕ್ಕಟ್ಟು ತಪ್ಪುತ್ತದೆ, ನಾಲ್ಕು ಮನೆಗಳಿಗೆ ದುಡಿಮೆಯೂ ಆಗುತ್ತದೆ. ಈಗ ಬರುವ ಸಾವಿರಾರು ಜನರಿಂದ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ. ಬೆಳಿಗ್ಗೆ ಬಂದು ಇಲ್ಲೇ ತಿಂಡಿ ತಿಂದು, ಮಧ್ಯಾಹ್ನ ಇಲ್ಲೇ ಉಂಡು, ಒಂದಿಷ್ಟು ಅಪ್ಪೆಮಿಡಿಯೋ ಜೇನೋ ಕೊಂಡು ಹೋಗುವ ಹತ್ತು ಜನ ಊರಿಗೆ ಹೆಚ್ಚು ಬೇಕಾದವರು.

ತಮ್ಮ ಪತ್ರಿಕೆಯಿಂದ ಬೇಕಾದದ್ದೂ ಇದೆ. ಆಗುಂಬೆಯ ಬಗ್ಗೆ ಪ್ರತಿ ಸಲ ಬರೆಯುವಾಗ ಚಿತ್ರದ ಕೆಳಗೆ ತಿಂಗಳು ನಮೂದಿಸಿ. ಡಿಸೆಂಬರಿನಲ್ಲಿ ತೆಗೆದ ಸೂರ್ಯಾಸ್ತದ ಚಿತ್ರ ಆಗಸ್ಟಿನ ಪುರವಣಿಯಲ್ಲಿ ಅಚ್ಚಾದಾಗ ಓದುಗರು ದಾರಿ ತಪ್ಪುತ್ತಾರೆ. ಘಾಟಿಯಲ್ಲಿ ಭಾರಿ ವಾಹನ ನಿಷೇಧಿಸುವ ಆದೇಶ ಶಿವಮೊಗ್ಗ, ಉಡುಪಿ ಆವೃತ್ತಿಗಳ ಒಳಪುಟದಲ್ಲಿ ಬರುತ್ತದೆ. ಆದರೆ ಶಾಲಾ ಪ್ರವಾಸದ ಬಸ್ಸುಗಳು ಹೊರಡುವುದು ತುಮಕೂರು, ಬೆಂಗಳೂರು, ದಾವಣಗೆರೆಗಳಿಂದ. ಆ ಆದೇಶ ಮತ್ತು ಮಂಗನ ಕಾಯಿಲೆಯ ಎಚ್ಚರಿಕೆ ಎರಡನ್ನೂ ದಯವಿಟ್ಟು ಎಲ್ಲ ಆವೃತ್ತಿಗಳ ಪ್ರವಾಸ ಪುಟದಲ್ಲೂ ಪ್ರಕಟಿಸಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಕೆಲವು ಓದುಗರು